ಮಡಿಕೇರಿಯ ಚಳಿಯಲ್ಲಿ ನಾನು ಬಿಟ್ಟ ಗ್ಯಾಸ್

ಹದಿನಾಲ್ಕು ವರ್ಷದಿಂದ ಮೈಸೂರಿನಲ್ಲಿ ಎಸಿ ಕೆಲಸ ಮಾಡುತ್ತಿದ್ದೇನೆ. ಗ್ಯಾಸ್ ನೋಡೋದು ಅಂದ್ರೆ ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ. ಎಸಿಯೊಳಗೆ ಸುತ್ತೋ ಗ್ಯಾಸ್ ಆರ್-22 ಆದರೆ ಪ್ರೆಶರ್ 65, 70 ಪಿಎಸ್‌ಐ (ಪ್ರೆಶರ್ ಅಳೆಯೋ ಮಾನ). ಆರ್-410ಎ, ಆರ್-32 ಆದರೆ 120ರಿಂದ 140. ಪ್ರೆಶರ್ ಗೇಜಿನ ನೀಲಿ ಹೋಸ್ ಹಾಕು, ಮುಳ್ಳು ಎಲ್ಲಿ ನಿಂತಿದೆ ನೋಡು. ಕಮ್ಮಿ ಇದ್ದರೆ ತುಂಬು, ಜಾಸ್ತಿ ಇದ್ದರೆ ಬಿಡು. ಅಷ್ಟೇ.

ಒಂದು ಡಿಸೆಂಬರ್‌ನಲ್ಲಿ ಈ ಲೆಕ್ಕ ಮಡಿಕೇರಿಯಲ್ಲಿ ಕೈಕೊಟ್ಟಿತು.

ಅಲ್ಲೊಂದು ಹೋಂಸ್ಟೇ. ಒಂದೂವರೆ ಟನ್ನಿನ ಹೊಸ ಇನ್ವರ್ಟರ್ ಎಸಿ, ಆರ್-32 ಗ್ಯಾಸಿನದು. ಬೇಸಿಗೆಗೆ ತಂಪು, ಚಳಿಗೆ ಬಿಸಿ. ಅಂಗಡಿಯವರು ಹಾಟ್ ಅಂಡ್ ಕೋಲ್ಡ್ ಅಂತಾರೆ, ಕಂಪನಿ ಪುಸ್ತಕದಲ್ಲಿ ಹೀಟ್ ಪಂಪ್ ಅಂತಿರುತ್ತದೆ. ಹಿಂದಿನ ವಾರ ನಾವೇ ಕೂರಿಸಿ ಬಂದಿದ್ದು. ಮನೆಯ ಯಜಮಾನಿ ಫೋನ್ ಮಾಡಿದರು. "ಏನಪ್ಪಾ, ಬಿಸಿ ಬರುತ್ತೆ ಅಂದಿದ್ರಿ. ಇದು ಉಗುರು ಬೆಚ್ಚಗೂ ಇಲ್ವಲ್ಲ!"

ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದೆವು. ಹೊರಗೆ 13 ಡಿಗ್ರಿ. ಎಸಿ ಬಿಸಿ ಮೋಡ್‌ನಲ್ಲೇ ಓಡುತ್ತಿತ್ತು. ಹೊರಗಿನ ಯೂನಿಟ್‌ನಿಂದ ರೂಮಿಗೆ ಎರಡು ಪೈಪ್ ಹೋಗುತ್ತವೆ, ಒಂದು ದಪ್ಪ, ಒಂದು ತೆಳು. ನಮ್ಮ ಹುಡುಗ ದಪ್ಪ ಪೈಪಿನ ವಾಲ್ವ್‌ಗೆ ನೀಲಿ ಹೋಸ್ ಹಾಕಿದ. ಮುಳ್ಳು ಸೀದಾ 340ಕ್ಕೆ ಹೋಗಿ ನಿಂತಿತು. 130 ಇರಬೇಕಾದಲ್ಲಿ 340! ಫ್ಯಾಕ್ಟರಿಯಲ್ಲೇ ಗ್ಯಾಸ್ ಜಾಸ್ತಿ ತುಂಬಿಬಿಟ್ಟಿದ್ದಾರೆ ಅಂತ ನಾನೇ ತೀರ್ಮಾನ ಮಾಡಿದೆ. ಸ್ವಲ್ಪ ಬಿಟ್ಟೆ. 320. ಇನ್ನೂ ಸ್ವಲ್ಪ ಬಿಟ್ಟೆ. 300. ಹತ್ತು ಹೆಜ್ಜೆ ಆಚೆ ಸ್ನಾನದ ಹಂಡೆ ಒಲೆ ಉರಿಯುತ್ತಿತ್ತು. ಆರ್-32 ಬೆಂಕಿ ಹಿಡಿಯೋ ಗ್ಯಾಸ್ ಅನ್ನೋದು ಆಗ ತಲೆಗೇ ಬರಲಿಲ್ಲ. ಈಗ ನೆನೆಸಿಕೊಂಡರೆ ಬೆವರು ಬರುತ್ತದೆ.

ಹುಡುಗ ಪೈಪ್ ಮುಟ್ಟಿ ಕೈ ಕಿತ್ತುಕೊಂಡ. "ಅಣ್ಣಾ, ಇದು ಸುಡ್ತಿದೆ."

ಆಗ ಹೊಳೆಯಿತು. ತಂಪು ಮೋಡ್‌ನಲ್ಲಿ ದಪ್ಪ ಪೈಪಿನಲ್ಲಿ ಬರೋದು ತಣ್ಣಗಿನ ಸಕ್ಷನ್ ಗ್ಯಾಸ್, ಅಂದರೆ ರೂಮಿನಿಂದ ಕಂಪ್ರೆಸರ್‌ಗೆ ವಾಪಸ್ ಬರೋ ಗ್ಯಾಸ್. ಬಿಸಿ ಮೋಡ್‌ಗೆ ಹಾಕಿದ ಕೂಡಲೇ ಒಳಗಿನ ಫೋರ್‌ವೇ ವಾಲ್ವ್ ದಾರಿ ತಿರುಗಿಸುತ್ತದೆ. ಕಂಪ್ರೆಸರ್‌ನಿಂದ ಹೊರಬಿದ್ದ ಬಿಸಿ ಗ್ಯಾಸ್ ಅದೇ ದಪ್ಪ ಪೈಪಿನಲ್ಲಿ ರೂಮಿಗೆ ಹೋಗುತ್ತದೆ. ನಾನು ನೋಡುತ್ತಿದ್ದದ್ದು ಡಿಸ್ಚಾರ್ಜ್ ಪ್ರೆಶರ್, ಕಂಪ್ರೆಸರ್ ಹೊರಗೆ ತಳ್ಳುವ ಕಡೆಯದು. ರೂಮಿನ ಕಾಯಿಲ್‌ನಲ್ಲಿ ಗ್ಯಾಸ್ 45 ಡಿಗ್ರಿಯಲ್ಲಿ ಕಂಡೆನ್ಸ್ ಆಗಿ, ಅಂದರೆ ದ್ರವವಾಗಿ, ಬಿಸಿ ಕೊಡಬೇಕಾದರೆ ಆರ್-32ಕ್ಕೆ ಸುಮಾರು 390 ಬೇಕು. ಅಂದರೆ 340 ಅನ್ನೋದು ಜಾಸ್ತಿ ಅಲ್ಲ, ಕಮ್ಮಿ! ಗ್ಯಾಸ್ ಮೊದಲೇ ಕಮ್ಮಿ ಇದ್ದ ಮೆಷಿನ್ನಿಂದ ನಾನು ಇನ್ನಷ್ಟು ತೆಗೆದಿದ್ದೆ. ಹೊರಗಿನ ಯೂನಿಟ್‌ನ ಹಿಂದೆ ಬಗ್ಗಿ ನೋಡಿದರೆ ಕಾಯಿಲ್‌ನ ಕೆಳಗಿನ ಎರಡು ಸಾಲಿಗೆ ಮಾತ್ರ ಬಿಳಿ ಹಿಮ, ಮೇಲೆಲ್ಲ ಒಣಗಿತ್ತು. ಗ್ಯಾಸ್ ಸಾಲದು ಅನ್ನೋದಕ್ಕೆ ಅದೇ ಗುರುತು. ಮೊದಲೇ ಅದನ್ನು ನೋಡಿದ್ದರೆ ಸಾಕಿತ್ತು.

ಮೊದಲು ಯಾಕೆ ಕಮ್ಮಿ ಇತ್ತು ಅನ್ನೋದಕ್ಕೂ ಕಾರಣ ನಾವೇ. ಫ್ಯಾಕ್ಟರಿ ತುಂಬಿದ 950 ಗ್ರಾಂ ಐದು ಮೀಟರ್ ಪೈಪಿಗೆ ಲೆಕ್ಕ. ಅದಕ್ಕಿಂತ ಉದ್ದ ಆದರೆ ಮೀಟರಿಗೆ 20 ಗ್ರಾಂ ಸೇರಿಸಿ ಅಂತ ಆ ಮಾಡೆಲ್‌ನ ಪುಸ್ತಕದಲ್ಲಿ ಬರೆದಿದೆ. ಯೂನಿಟ್ ಹಿತ್ತಲಲ್ಲಿ ಇಟ್ಟಿದ್ದರಿಂದ ಪೈಪ್ 11 ಮೀಟರ್ ಎಳೆದಿದ್ದೆವು. 120 ಗ್ರಾಂ ಸೇರಿಸಬೇಕಿತ್ತು. ಯಾರೂ ಸೇರಿಸಿರಲಿಲ್ಲ.

ತಂಪು ಮೋಡ್‌ಗೆ ಹಾಕಿ ಗೇಜ್ ನೋಡಿ ತುಂಬೋಣ ಅಂದ ಹುಡುಗ. ಆ ಚಳಿಯಲ್ಲಿ ಸಕ್ಷನ್ ಪ್ರೆಶರ್ ತಾನಾಗೇ ಇಳಿದಿರುತ್ತದೆ, ಇನ್ವರ್ಟರ್ ಬೇರೆ ಕಂಪ್ರೆಸರ್ ಸ್ಪೀಡ್ ಬದಲಾಯಿಸುತ್ತಲೇ ಇರುತ್ತದೆ. ಆ ಮುಳ್ಳನ್ನು ನಂಬಿ ಗ್ಯಾಸ್ ತುಂಬೋದು ಹೇಗೆ? ಸಬ್‌ಕೂಲಿಂಗ್, ಅಂದರೆ ದ್ರವವಾದ ಗ್ಯಾಸ್ ಆಮೇಲೆ ಇನ್ನೆಷ್ಟು ತಣ್ಣಗಾಗಿದೆ ಅನ್ನೋದನ್ನು, ನೋಡೋಣ ಅಂದರೆ ತೆಳು ಪೈಪಿನ ವಾಲ್ವ್‌ಗೆ ಪೋರ್ಟೇ ಇಲ್ಲ. ಇದ್ದರೂ ತಂಪು ಮೋಡ್‌ನಲ್ಲಿ ಉಪಯೋಗ ಇಲ್ಲ. ಇಂಥ ಸ್ಪ್ಲಿಟ್ ಎಸಿಯಲ್ಲಿ ಪ್ರೆಶರ್ ಇಳಿಸೋ ಎಕ್ಸ್‌ಪಾನ್ಷನ್ ವಾಲ್ವ್ ಹೊರಗಿನ ಯೂನಿಟ್‌ನಲ್ಲೇ ಕೂತಿರುತ್ತದೆ, ತೆಳು ಪೈಪಿಗೆ ಬರುವಷ್ಟರಲ್ಲಿ ಪ್ರೆಶರ್ ಇಳಿದು ಪೈಪ್ ತಣ್ಣಗಾಗಿರುತ್ತದೆ. ಅದಕ್ಕೇ ಅಲ್ವಾ ಎರಡು ಪೈಪಿಗೂ ಇನ್ಸುಲೇಷನ್ ಸುತ್ತೋದು. ಉಳಿದಿದ್ದು ಒಂದೇ ದಾರಿ, ಗ್ಯಾಸ್ ಎಲ್ಲ ತೆಗೆದು ತೂಕ ನೋಡಿ ತುಂಬೋದು.

ಗ್ಯಾಸ್ ಎಳೆದುಕೊಳ್ಳೋ ರಿಕವರಿ ಮೆಷಿನ್ ಅಂಗಡಿಯಲ್ಲಿತ್ತು. ಮೈಸೂರಿಗೆ ವಾಪಸ್ ಹೋಗಿ ಮರುದಿನ ಮತ್ತೆ ಬಂದೆವು. ಡೀಸೆಲ್ ನನ್ನದೇ. ಇದ್ದ ಗ್ಯಾಸ್ ಎಲ್ಲ ಸಿಲಿಂಡರಿಗೆ ಎಳೆದು ತಕ್ಕಡಿ ಮೇಲಿಟ್ಟರೆ 820 ಗ್ರಾಂ. 950ರಲ್ಲಿ ಉಳಿದದ್ದು ಹಿಂದಿನ ದಿನ ನಾನು ಗಾಳಿಗೆ ಬಿಟ್ಟಿದ್ದು. ಪಂಪ್‌ನಿಂದ ವ್ಯಾಕ್ಯೂಮ್ ಹಾಕಿ ಒಳಗಿನ ಪ್ರೆಶರನ್ನು 500 ಮೈಕ್ರಾನ್ (ತೀರಾ ಸಣ್ಣ ಪ್ರೆಶರಿನ ಅಳತೆ) ಕೆಳಗೆ ಇಳಿಸಿದೆವು. ಪಂಪ್ ನಿಲ್ಲಿಸಿ ಕಾಲು ಗಂಟೆ ಕಾದೆವು, ಏರಲಿಲ್ಲ. ಪೈಪ್ ಸೇರೋ ಫ್ಲೇರ್ ಜಾಯಿಂಟ್ ಎಲ್ಲೂ ಲೀಕ್ ಇಲ್ಲ ಅಂತಾಯಿತು. ಆಮೇಲೆ ತಕ್ಕಡಿ ನೋಡುತ್ತಾ 1,070 ಗ್ರಾಂ ತುಂಬಿದೆವು. ಹೋಸ್ ಬಿಚ್ಚಿದ್ದು ಮೆಷಿನ್ ಆಫ್ ಮಾಡಿ ಪ್ರೆಶರ್ ಇಳಿದ ಮೇಲೆ. ಬಿಸಿ ಮೋಡ್‌ನಲ್ಲಿ ಓಡುವಾಗ ಬಿಚ್ಚಿದರೆ ಕೈ ಚರ್ಮ ಹೋಗುತ್ತದೆ.

ಅರ್ಧ ಗಂಟೆ ಆದ ಮೇಲೆ ರೂಮಿನ ಗ್ರಿಲ್‌ನಲ್ಲಿ ಥರ್ಮಾಮೀಟರ್ 42 ತೋರಿಸಿತು. ಯಜಮಾನಿ ಕೈ ಒಡ್ಡಿ ನೋಡಿ, "ಇದು ಮೊನ್ನೆಯೇ ಆಗಬೇಕಿತ್ತಲ್ವಾ?" ಅಂದರು. ಹೌದು ಅಮ್ಮ ಅಂದೆ, ಬೇರೇನು ಹೇಳಲಿ. ಹೊರಡುವ ಮುಂಚೆ ಯೂನಿಟ್‌ನ ಪಕ್ಕದ ತಗಡಿನ ಮೇಲೆ ಮಾರ್ಕರ್‌ನಲ್ಲಿ ಬರೆದೆ: ಪೈಪ್ 11 ಮೀಟರ್, ಒಟ್ಟು 1,070 ಗ್ರಾಂ. ಅದರ ಕೆಳಗೆ ದಪ್ಪಕ್ಷರದಲ್ಲಿ: ಗೇಜ್ ಹಾಕುವ ಮೊದಲು ಮೋಡ್ ನೋಡು.