ಇಷ್ಟು ಚಿಕ್ಕ ಹುಡುಗನಿಗೆ ಬ್ಲೂಸ್ ಏನು ಗೊತ್ತು?

ಗೊತ್ತು. ನನ್ನ ಉತ್ತರ ಇಷ್ಟೇ. ಆದರೂ ಕೇಳೋದು ನಿಲ್ಲಿಸಲ್ಲ ನೀವು. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ಹುಡುಗ ಅಂದರೆ ಅದನ್ನು ಹಾಡಿ ಗಿಟಾರ್ ನುಡಿಸೋ ಕ್ರಿಸ್ಟೋನ್ ಇಂಗ್ರಾಮ್. ಎಲ್ಲರೂ ಕರೆಯೋದು ಕಿಂಗ್‌ಫಿಶ್ ಅಂತ. 1999ರಲ್ಲಿ ಹುಟ್ಟಿದವನು, ಊರು ಅಮೆರಿಕದ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್. 2021ರಲ್ಲಿ ಬಂದ ಅವನ ‘662’ ಆಲ್ಬಮ್ ನಾನು ಸಿಕ್ಕಸಿಕ್ಕವರಿಗೆಲ್ಲ ಕೇಳಿಸುತ್ತೇನೆ. 662 ಅಂದರೆ ಅವನ ಊರ ಕಡೆಯ ಫೋನ್ ಕೋಡ್. ಗಿಟಾರ್ ಎತ್ತಿಕೊಂಡರೆ ಬಿರುಸೋ ಬಿರುಸು. ಮರುವರ್ಷ ಗ್ರ್ಯಾಮಿಯೂ ಬಂತು.

ಒಂದು ಗೃಹಪ್ರವೇಶದಲ್ಲಿ, ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ, ದೊಡ್ಡಪ್ಪನ ಕಿವಿಗೆ ಒಂದು ಇಯರ್‌ಫೋನ್ ಸಿಕ್ಕಿಸಿದೆ. ಅರ್ಧ ನಿಮಿಷ ಕೇಳಿ ತೆಗೆದರು. "ಕೈ ಚುರುಕಾಗಿದೆ ಕಣೋ. ಆದ್ರೆ ಬ್ಲೂಸ್ ಅಂದ್ರೆ ದುಃಖ ಅಲ್ವೇನೋ? ಇವನೇನು ಕಷ್ಟ ಕಂಡಿದ್ದಾನೆ?"

ಈ ‘ಏನು ಕಷ್ಟ ಕಂಡಿದ್ದಾನೆ’ ಕೇಳಿದರೆ ನನಗೆ ಉರಿಯುತ್ತೆ. ಹೇಳೋಕೆ ನನ್ನ ಹತ್ತಿರ ಉತ್ತರ ಇದೆ. ಮೊದಲ ಆಲ್ಬಮ್ ಬಂದ ವರ್ಷವೇ, 2019ರ ಕೊನೆಯಲ್ಲಿ, ಅವನ ತಾಯಿ ತೀರಿಕೊಂಡರು. ಇದನ್ನು ಹೇಳಿದ ತಕ್ಷಣ ಎದುರಿಗಿದ್ದವರ ಮುಖ ಮೆತ್ತಗಾಗುತ್ತೆ. "ಓ, ಹಾಗಾದ್ರೆ ಸರಿ." ಏನು ಸರಿ? ಹುಡುಗ ಪಾಸಾದನಾ?

ರಾಮನವಮಿ ಪೆಂಡಾಲಿನಲ್ಲಿ ಹದಿನಾರರ ಹುಡುಗಿ ಶುಭಪಂತುವರಾಳಿಯಂಥ ಶೋಕದ ರಾಗ ಹಾಡಿದರೆ, ನೀನೇನಮ್ಮಾ ಕಷ್ಟ ಕಂಡಿದ್ದೀಯ ಅಂತ ಯಾರಾದರೂ ಕೇಳುತ್ತಾರಾ? ನಾವು ಕೇಳೋದು ಒಂದೇ: "ಯಾರ ಹತ್ತಿರ ಪಾಠ?"

ಅದನ್ನು ಕೇಳಿ, ಸಂತೋಷವಾಗಿ ಹೇಳುತ್ತೇನೆ. ಕ್ಲಾರ್ಕ್ಸ್‌ಡೇಲಿನಲ್ಲಿ ಹಳೇ ರೈಲ್ವೆ ಗೂಡ್ಸ್ ಕಟ್ಟಡದಲ್ಲಿ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಇದೆ. ಬ್ಲೂಸ್‌ನ ಹಳೇ ದಿಗ್ಗಜ ಮಡ್ಡಿ ವಾಟರ್ಸ್ ಇದ್ದ ಮರದ ಮನೆಯನ್ನು ತಂದು ಅಲ್ಲೇ ನಿಲ್ಲಿಸಿದ್ದಾರೆ. ಆ ಮ್ಯೂಸಿಯಂ ಊರ ಮಕ್ಕಳಿಗೆ ಪಾಠವನ್ನೂ ಹೇಳಿಸುತ್ತೆ. ಇವನು ಕಲಿತದ್ದು ಅಲ್ಲಿ. ಮೊದಲು ಡ್ರಮ್ಸ್, ಆಮೇಲೆ ಬೇಸ್, ಆಮೇಲೆ ಗಿಟಾರ್. ಕಿಂಗ್‌ಫಿಶ್ ಅಂತ ಹೆಸರಿಟ್ಟಿದ್ದೂ ಅಲ್ಲಿನ ಮೇಷ್ಟ್ರು ಬಿಲ್ ಪೆರಿ. ಬ್ಲೂಸ್‌ನಲ್ಲಿ ತಂತಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ, ಎರಡು ಸ್ವರಗಳ ನಡುವೆ, ಯಾವುದಕ್ಕೂ ಪೂರ್ತಿ ಸೇರದ ಜಾಗದಲ್ಲಿ ಹಿಡಿದು ನಿಲ್ಲಿಸುತ್ತಾರೆ. ಒಂದು ಕೂದಲೆಳೆ ಹೆಚ್ಚಾದರೆ ಅಪಸ್ವರ, ಕಮ್ಮಿಯಾದರೆ ಸಪ್ಪೆ. ಅದು ಕಣ್ಣೀರಿನಿಂದ ಬರಲ್ಲ, ಸಾಧಕದಿಂದ ಬರುತ್ತೆ. ದುಃಖ ಇದ್ದವರಿಗೆಲ್ಲ ಬರೋ ಹಾಗಿದ್ದರೆ ನಮ್ಮ ಬೀದಿ ತುಂಬಾ ಗಿಟಾರಿಸ್ಟ್‌ಗಳೇ.

ಇನ್ನೊಂದು ವಿಷಯ. ‘662’ ಆಲ್ಬಮ್ಮಿನಲ್ಲೇ ‘ಟೂ ಯಂಗ್ ಟು ರಿಮೆಂಬರ್’ ಅಂತ, ಅಂದರೆ ‘ನೆನಪಿರೋಕೆ ತೀರಾ ಚಿಕ್ಕವನು’ ಅಂತ, ಒಂದು ಹಾಡಿದೆ. ಅವನಿಗೂ ಇದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿರಬೇಕು.

ಮೊದಲು ಅದನ್ನೇ ಕೇಳಿ. ಎರಡೂ ಕಿವಿಗೆ ಹಾಕಿಕೊಂಡು, ಪೂರ್ತಿ. ಆಮೇಲೆ ಜಾಸ್ತಿ ಸದ್ದು ಅನ್ನಿ, ಹಿಡಿಸಲಿಲ್ಲ ಅನ್ನಿ, ಜಗಳ ಆಡೋಕೆ ನಾನು ರೆಡಿ. ವಯಸ್ಸಿನ ಸುದ್ದಿ ಮಾತ್ರ ಎತ್ತಬೇಡಿ.