ಅಡಕೆ ಗೊನೆಯಲ್ಲಿ ಪಿತ್ತನಾಳ: ಇಲ್ಲಿವರೆಗಿನ ಕೆಲಸ

ನವೆಂಬರ್ 12

ಅಡಕೆ ಬಿಡಿಸಿದ ಮೇಲೆ ಒಣ ಗೊನೆ ಬಚ್ಚಲ ಒಲೆಗೆ ಹೋಗುತ್ತದೆ. ಈ ಸಲ ಒಳ್ಳೆಯ ಹತ್ತು ಗೊನೆ ಆರಿಸಿ ಅಟ್ಟಕ್ಕೆ ಹಾಕಿದ್ದೇನೆ. ಸಣ್ಣ ಕಡ್ಡಿಗಳು ಕೂಡಿ ದಪ್ಪ ಕಡ್ಡಿ, ಎಲ್ಲ ಕೂಡಿ ಒಂದು ತೊಟ್ಟು. ಲಿವರಿನ ಪಿತ್ತನಾಳಗಳದ್ದೂ ಇದೇ ಕಟ್ಟು: ಪಿತ್ತ ತುದಿಯಿಂದ ತೊಟ್ಟಿಗೆ ಹರಿದು ಕರುಳಿಗಿಳಿಯುತ್ತದೆ.

ತಂಗಿಯ ಮಗನಿಗೆ ಹನ್ನೆರಡು ವರ್ಷ. ತಿಂಗಳುಗಟ್ಟಲೆ ರಕ್ತಭೇದಿ, ಮೈತುರಿಕೆ. ಮಂಗಳೂರಿನಲ್ಲಿ ಪಿತ್ತನಾಳದ ಚಿತ್ರ ತೆಗೆಯುವ ಎಂಆರ್‌ಸಿಪಿ, ಬಯಾಪ್ಸಿ (ಲಿವರಿನ ಚೂರು ತೆಗೆದು ನೋಡುವುದು) ಆದ ಮೇಲೆ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿತ್ತನಾಳ ಉರಿಯೂತದಿಂದ ಗಟ್ಟಿಯಾಗಿ ಸಪೂರವಾಗುವ ರೋಗ ಎಂದರು. ಬದಿಯಡ್ಕದ ಮನೆಗೆ ನೋಡಲು ಬಂದವರೆಲ್ಲ "ಇದು ಯಾರ ಕಡೆಯಿಂದ ಬಂದದ್ದು?" ಎಂದು ಕೇಳುತ್ತಾರೆ. ತಂಗಿ ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ಅದಕ್ಕೇ ಈ ಕೆಲಸ ಹಿಡಿದದ್ದು: ಒಂದೊಂದು ಗೊನೆಯಲ್ಲಿ ಒಂದೊಂದು ಪಿತ್ತನಾಳದ ರೋಗ ತೋರಿಸಿ, ಅದು ಹೇಗೆ ಬರುತ್ತದೆಂದು ಪಕ್ಕದಲ್ಲಿ ಬರೆಯುವುದು.

ನವೆಂಬರ್ 19

ಮೊದಲ ಗೊನೆ ಅಲಾಜಿಲ್ ಸಿಂಡ್ರೋಮ್ ಎಂಬ ಹುಟ್ಟುರೋಗಕ್ಕೆ. ಸಣ್ಣ ಕಡ್ಡಿಗಳನ್ನು ಕತ್ತರಿಯಿಂದ ತೆಗೆದೆ, ಏಕೆಂದರೆ ಇದರಲ್ಲಿ ಲಿವರಿನೊಳಗಿನ ಸಣ್ಣ ನಾಳಗಳೇ ಕಡಿಮೆ. ಹೆಚ್ಚಿನವರಲ್ಲಿ ಜಾಗ್1 ಜೀನಿನ ದೋಷ (1997ರಲ್ಲಿ ಗೊತ್ತಾದದ್ದು), ಕೆಲವರಲ್ಲಿ ನಾಚ್2. ಇಂಥ ಜೀನು ಅಪ್ಪನಿಂದೊಂದು, ಅಮ್ಮನಿಂದೊಂದು ಎಂದು ಎರಡು ಪ್ರತಿ ಇರುತ್ತದೆ; ಇಲ್ಲಿ ಒಂದೇ ಪ್ರತಿ ಕೆಟ್ಟರೂ ರೋಗಕ್ಕೆ ಸಾಕು. ಆದರೂ ಎಷ್ಟೋ ಮಕ್ಕಳಲ್ಲಿ ಅದು ಹೊಸದಾಗಿ ಹುಟ್ಟಿದ ಬದಲಾವಣೆ, ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ.

ಎರಡನೆಯದು ಬಿಲಿಯರಿ ಅಟ್ರೀಸಿಯಾ, ಎಳೆಕೂಸಿನಲ್ಲಿ ಲಿವರಿನ ಹೊರಗಿನ ಪಿತ್ತನಾಳ ಮುಚ್ಚಿಹೋಗುವ ರೋಗ. ತೊಟ್ಟಿಗೇ ಮೇಣ ಮೆತ್ತಿದೆ. ಇದರ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದೆ: ಹುಟ್ಟಿ 14 ದಿನ ಕಳೆದರೂ ಕಾಮಾಲೆ ಇಳಿಯದಿದ್ದರೆ, ಮಲ ಬಿಳಿಚಿದ್ದರೆ ಎಳೆಬಿಸಿಲಿಗೆ ಹಿಡಿದು ಕಾಯಬೇಡಿ, ಡೈರೆಕ್ಟ್ ಬಿಲಿರುಬಿನ್ ಎಂಬ ರಕ್ತಪರೀಕ್ಷೆ ಮಾಡಿಸಿ. ಕರುಳನ್ನು ಲಿವರಿಗೇ ಜೋಡಿಸಿ ಪಿತ್ತಕ್ಕೆ ದಾರಿ ಮಾಡುವ ಕಸಾಯ್ ಆಪರೇಶನ್ 60 ದಿನದೊಳಗೆ ಆದರೆ ಫಲ ಹೆಚ್ಚು.

ನವೆಂಬರ್ 27

ಪಿಎಫ್‌ಐಸಿ ಎಂಬ, ಪಿತ್ತ ಲಿವರಿನಲ್ಲೇ ಕಟ್ಟಿಕೊಳ್ಳುವ ಜೀನಿನ ರೋಗ ಎಂಟು ದಿನ ತಿಂದಿತು. ಅದರ ಎರಡನೇ ವಿಧದಲ್ಲಿ ನಾಳ ನೆಟ್ಟಗಿರುತ್ತದೆ. ಎಬಿಸಿಬಿ11 ಜೀನು ಕೆಟ್ಟು, ಲಿವರಿನ ಕೋಶದಿಂದ ಪಿತ್ತಲವಣವನ್ನು ಹೊರಹಾಕುವ ಪಂಪು ನಡೆಯುವುದಿಲ್ಲ. ಗೊನೆಯಲ್ಲಿ ಇದನ್ನು ತೋರಿಸುವುದು ಹೇಗೆ? ತೋಟದಲ್ಲಿ ಸ್ಪ್ರಿಂಕ್ಲರ್ ನಿಂತ ದಿನ ಹೊಳೆಯಿತು: ಪೈಪು ಸರಿ ಉಂಟು, ಕೆರೆಯ ಪಂಪು ಎತ್ತುತ್ತಿಲ್ಲ. ಗೊನೆಯನ್ನು ಮುಟ್ಟದೆ ಪ್ರತಿ ತುದಿಗೂ ಕೆಂಪು ಮಣಿ ಅಂಟಿಸಿದೆ, ಅದೇ ನಿಂತ ಪಂಪು. ಬೇರೆ ಪಿತ್ತನಾಳದ ರೋಗಗಳಲ್ಲಿ ಏರುವ ಜಿಜಿಟಿ (ರಕ್ತಪರೀಕ್ಷೆಯಲ್ಲಿ ನೋಡುವ ಲಿವರಿನ ಒಂದು ಕಿಣ್ವ) ಇದರಲ್ಲಿ ಏರದೇ ಇರುವುದು ಡಾಕ್ಟರಿಗೆ ಸುಳಿವು. ಇಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬರಬೇಕು. ಅವರಿಗೆ ರೋಗವಿಲ್ಲ, ಪ್ರತಿ ಬಸಿರಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಸಂಬಂಧದೊಳಗೆ ಮದುವೆಯಾದರೆ ಈ ಅಪಾಯ ಹೆಚ್ಚು.

ಡಿಸೆಂಬರ್ 6

ತಂಗಿಯ ಮಗನ ರೋಗದ ಗೊನೆ. ಬಯಾಪ್ಸಿಯಲ್ಲಿ ನಾಳದ ಸುತ್ತ ಈರುಳ್ಳಿ ಸಿಪ್ಪೆಯ ಹಾಗೆ ಪದರ ಕಾಣಬಹುದು ಎಂದಿದ್ದರು. ಬಾಳೆನಾರನ್ನು ನೆನೆಸಿ ಸುತ್ತಿದೆ, ಒಣಗಿದಾಗ ಅದೇ ಬಿಗಿಯಿತು. ಕಟ್ಟಿದಲ್ಲಿ ಸಪೂರ, ನಡುವೆ ಉಬ್ಬು, ಅವನ ಸ್ಕ್ಯಾನಿನ ಫಿಲ್ಮಿನಲ್ಲಿದ್ದ ಮಣಿಸರದ ಹಾಗೆಯೇ. ಇಲ್ಲಿ ನಾಳವನ್ನು ಹೊಡೆಯುವುದು ಮೈಯದೇ ರೋಗನಿರೋಧಕ ಕೋಶಗಳು ಎನ್ನುತ್ತಾರೆ. ಕೆಲವು ಎಚ್‌ಎಲ್‌ಎ (ತನ್ನ ಮೈ ಯಾವುದೆಂದು ಆ ಕೋಶಗಳಿಗೆ ಗುರುತು ಕೊಡುವ) ಜೀನುಗಳಿದ್ದರೆ ಅಪಾಯ ಹೆಚ್ಚು, ಆದರೆ ಅವು ಇರುವವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಈ ರೋಗವನ್ನು ಒಬ್ಬರ ಕಡೆಯ ಒಂದು ಜೀನಿಗೆ ಕಟ್ಟಲಾಗದು. ಇದನ್ನು ತಂಗಿಯ ಅತ್ತೆ ಎರಡು ಸಲ ಓದಿಸಿಕೊಂಡರು.

ಹುಡುಗ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದ. "ಮಾವ, ಇಲ್ಲಿ ಅಲ್ಲ, ಎಡಗಡೆ ಕವಲಿನಲ್ಲಿ." ನಾನು ಕಟ್ಟಿದ್ದನ್ನು ಬಿಚ್ಚಿ, ಹಲ್ಲಿನಲ್ಲಿ ನಾರು ಕಚ್ಚಿಕೊಂಡು ಅವನೇ ಬಿಗಿದ.