ಐಲ್ ರಾಯಲ್‌ಗೆ ಹೊರಡುವವರು ಒಂದೆರಡು ದಿನ ಖಾಲಿ ಇಟ್ಟುಕೊಳ್ಳಿ

ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಇರುವ ಐಲ್ ರಾಯಲ್ ದ್ವೀಪದ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಹೋಗುವ ಮುಂಚೆ ಒಂದು ದಿನ, ಬಂದ ಮೇಲೆ ಒಂದು ದಿನ ಏನೂ ಇಟ್ಟುಕೊಳ್ಳಬೇಡಿ. ಭಾನುವಾರ ಸಂಜೆ ದೋಣಿ ಇಳಿದು, ರಾತ್ರಿಯೆಲ್ಲ ಡ್ರೈವ್ ಮಾಡಿ, ಸೋಮವಾರ ಬೆಳಿಗ್ಗೆ ಡೆಟ್ರಾಯಿಟ್‌ನಲ್ಲಿ ಆಫೀಸ್ ಸೇರುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೋಣಿ ಬಿಡಬೇಕೋ ಬೇಡವೋ ಅನ್ನುವುದನ್ನು ಸುಪೀರಿಯರ್ ಸರೋವರ ತೀರ್ಮಾನಿಸುತ್ತದೆ.

ಸರೋವರ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಆಚೆ ದಡ ಕಾಣುವ ನೀರು. ಇದು ಹಾಗಲ್ಲ. ಇದರ ವಿಸ್ತಾರ ಸುಮಾರು 82,000 ಚದರ ಕಿಲೋಮೀಟರ್. ಕರ್ನಾಟಕವನ್ನು ಐದು ಪಾಲು ಮಾಡಿದರೆ ಎರಡು ಪಾಲಿಗಿಂತ ಜಾಸ್ತಿ. ಆಳ 400 ಮೀಟರ್ ದಾಟುತ್ತದೆ. ಆಗಸ್ಟ್‌ನಲ್ಲೂ ನೀರಿಗೆ ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ಮಿಷಿಗನ್ ಮೇಲ್ಭಾಗದಿಂದ ಈ ನೀರಿನೊಳಕ್ಕೆ ಉದ್ದಕ್ಕೆ ಚಾಚಿಕೊಂಡಿರುವುದು ಕೀವಿನಾ ಪರ್ಯಾಯ ದ್ವೀಪ. ಅದರ ತುದಿಯಲ್ಲಿ ಕಾಪರ್ ಹಾರ್ಬರ್ ಅನ್ನುವ ಪುಟ್ಟ ಊರು. ಅಲ್ಲಿಂದ ಮೂರೂವರೆ ಗಂಟೆ ದೋಣಿಯಲ್ಲಿ ಹೋದರೆ ಐಲ್ ರಾಯಲ್. ಸುಮಾರು 45 ಮೈಲಿ ಉದ್ದದ ದ್ವೀಪ, ಕಾರಿಗೆ ರಸ್ತೆ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. 1940ರಿಂದ ರಾಷ್ಟ್ರೀಯ ಉದ್ಯಾನ.

ನಮ್ಮ ದೋಣಿ ಹೊರಡಬೇಕಿದ್ದ ಬೆಳಿಗ್ಗೆ ಗಾಳಿ ಎದ್ದಿತ್ತು. ಬಂದರಿನ ಒಳಗೆ ನೀರು ಶಾಂತವಾಗಿಯೇ ಇತ್ತು, ಆಚೆ ಮಾತ್ರ ಬಿಳಿ ನೊರೆ ಕಾಣುತ್ತಿತ್ತು. ಎಂಟು ಗಂಟೆಗೆ ದೋಣಿಯವರು ಬಂದು, ಇವತ್ತು ಹೋಗುವುದಿಲ್ಲ, ನಾಳೆ ನೋಡೋಣ ಅಂದರು. ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆ ನೀರಿನಲ್ಲಿ ಮೂರೂವರೆ ಗಂಟೆ ಹೋಗಲು ನಾನೂ ಒಪ್ಪುತ್ತಿರಲಿಲ್ಲ. ಟಿಕೆಟ್ಟನ್ನು ಮರುದಿನಕ್ಕೆ ಬದಲಾಯಿಸಿಕೊಟ್ಟರು.

ನನ್ನ ಸಿಟ್ಟು ಇರುವುದು ರೂಮಿನವರ ಮೇಲೆ. ಹಿಂದಿನ ರಾತ್ರಿ ಉಳಿದಿದ್ದ ಲಾಡ್ಜ್‌ಗೆ ವಾಪಸ್ ಹೋಗಿ, ಇನ್ನೊಂದು ರಾತ್ರಿ ಬೇಕು ಅಂದೆವು. ಅದೇ ರೂಮಿಗೆ, ಅದೇ ಹಾಸಿಗೆಗೆ, ಅವತ್ತು ಬೆಳಿಗ್ಗೆ ನಾವೇ ಬಿಟ್ಟು ಬಂದ ಅದೇ ಒದ್ದೆ ಟವೆಲ್ಲಿಗೆ ಎಪ್ಪತ್ತು ಡಾಲರ್ ಜಾಸ್ತಿ ಕೇಳಿದರು. ಮೊದಲ ರಾತ್ರಿಯ ಬಾಡಿಗೆಯೇ ಇನ್ನೂರು ದಾಟಿತ್ತು. ಸರೋವರ ಕಾಣುವ ರೂಮು ಅಂತ ಬುಕ್ ಮಾಡಿದ್ದೆವು, ಕಿಟಕಿ ತೆಗೆದರೆ ಕಂಡಿದ್ದು ಕಾರು ನಿಲ್ಲಿಸುವ ಜಾಗ ಮತ್ತು ಕಸದ ಡಬ್ಬ. ಕಾರ್ಪೆಟ್ಟಿನಲ್ಲಿ ಮುಗ್ಗಲು ವಾಸನೆ. ಹೀಟರ್ ಬಟನ್ ತಿರುಗುತ್ತದೆ, ಬಿಸಿ ಬರುವುದಿಲ್ಲ. ದೋಣಿ ರದ್ದಾದ ದಿನ ಹತ್ತಾರು ಜನ ಒಟ್ಟಿಗೆ ಊರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಅವರಿಗೆ ಬೇರೆ ದಾರಿ ಇಲ್ಲ ಅಂತ ಇವರಿಗೆ ಚೆನ್ನಾಗಿ ಗೊತ್ತು. ಚಳಿಯಲ್ಲಿ ಬ್ಯಾಗ್ ಹೊತ್ತು ನಿಂತವರ ಹತ್ತಿರ ಹೀಗೆ ದುಡ್ಡು ಕೀಳುವುದು ತಪ್ಪು. ನಾವು ಕೊಡಲಿಲ್ಲ.

ನೀವು ಹೀಗೆ ಮಾಡಿ. ಊರಿನ ಪಕ್ಕದಲ್ಲೇ ಫೋರ್ಟ್ ವಿಲ್ಕಿನ್ಸ್ ಸ್ಟೇಟ್ ಪಾರ್ಕ್ ಇದೆ. 1844ರಲ್ಲಿ ತಾಮ್ರದ ಗಣಿಗಳ ಕಾಲದಲ್ಲಿ ಕಟ್ಟಿದ ಸೈನ್ಯದ ಕೋಟೆ, ಪಕ್ಕದಲ್ಲಿ ಕ್ಯಾಂಪ್ ಹಾಕುವ ಜಾಗ. ಹೇಗಿದ್ದರೂ ನಿಮ್ಮ ಹತ್ತಿರ ಟೆಂಟ್ ಇರುತ್ತದೆ ಅಲ್ವಾ? ಮೊದಲೇ ಬುಕ್ ಮಾಡಿಕೊಂಡು ಅಲ್ಲಿ ಮಲಗಿ. ಟೆಂಟ್ ಬೇಡ ಅನ್ನುವವರು ಒಂದು ಗಂಟೆ ಹಿಂದಿರುವ ಹೋಟನ್ ಊರಿನಲ್ಲಿ ಉಳಿದು, ಬೆಳಗಿನ ಜಾವ ಎದ್ದು ಬನ್ನಿ. ಕತ್ತಲಲ್ಲಿ ಜಿಂಕೆ ಅಡ್ಡ ಬರುತ್ತವೆ, ನಿಧಾನ ಓಡಿಸಿ. ಪೆಟ್ರೋಲ್ ಮಾತ್ರ ದಾರಿಯಲ್ಲಿ ಕ್ಯಾಲುಮೆಟ್‌ನಲ್ಲೇ ತುಂಬಿಸಿಕೊಳ್ಳಿ.

ಆ ರಾತ್ರಿ ನಾವೂ ಹೋಟನ್‌ಗೆ ವಾಪಸ್ ಬಂದೆವು. ಹಾಗೆ ಬಂದಿದ್ದಕ್ಕೇ ಈ ಪ್ರವಾಸದ ಅತ್ಯುತ್ತಮ ಊಟ ಸಿಕ್ಕಿತು. ಈ ಕಡೆ ನೂರು ವರ್ಷಕ್ಕೂ ಹಿಂದೆ ಗಣಿ ಕೆಲಸಕ್ಕೆ ಅಂತ ಫಿನ್‌ಲ್ಯಾಂಡಿನಿಂದ, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದು ನೆಲೆಸಿದವರ ಮನೆತನಗಳು ಜಾಸ್ತಿ. ಅವರ ಅಡುಗೆ ಇನ್ನೂ ಉಳಿದಿದೆ. ಪೇಟೆ ಬೀದಿಯ ಒಂದು ಸಣ್ಣ ಬೇಕರಿ ಹೋಟೆಲು, ಎಂಟು ಹತ್ತು ಮೇಜು, ಗೋಡೆಯ ಮೇಲೆ ಹಳೇ ಗಣಿಯ ಫೋಟೋಗಳು. ಒಳಗೆ ಕಾಲಿಟ್ಟ ತಕ್ಷಣ ಏಲಕ್ಕಿ ವಾಸನೆ! ಫಿನ್ನಿಶ್ ಜನ ನೀಸು ಅಂತ ಒಂದು ಬ್ರೆಡ್ ಮಾಡುತ್ತಾರೆ. ಜಡೆ ಹೆಣೆದಂತೆ ಹೆಣೆದು, ಹಿಟ್ಟಿಗೆ ಧಾರಾಳವಾಗಿ ಏಲಕ್ಕಿ ಕುಟ್ಟಿ ಹಾಕುತ್ತಾರೆ. ಅದನ್ನು ದಪ್ಪಗೆ ಕೊಯ್ದು, ಬೆಣ್ಣೆ ಹಚ್ಚಿ, ಕಾವಲಿಯ ಮೇಲೆ ಕೆಂಪಗೆ ಸುಟ್ಟು ಕೊಟ್ಟರು. ಅಂಚು ಗರಿಗರಿ, ನಡುವೆ ಮೆತ್ತಗೆ. ನಮ್ಮ ಮನೆಯವರು ಮೂರು ಸಲ ತರಿಸಿಕೊಂಡರು. ಜೊತೆಗೆ ಪ್ಯಾಸ್ಟಿ. ಕಾರ್ನ್‌ವಾಲಿನ ಗಣಿ ಕೆಲಸಗಾರರು ಬುತ್ತಿಗೆ ಒಯ್ಯುತ್ತಿದ್ದ, ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸಿದ ತಿಂಡಿ. ಮಾಮೂಲಾಗಿ ಒಳಗೆ ದನದ ಮಾಂಸ ಇರುತ್ತದೆ, ಆದ್ದರಿಂದ ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ. ಇಲ್ಲಿ ತರಕಾರಿಯದ್ದೂ ಇತ್ತು. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ರುಟಬಾಗ ಅನ್ನುವ ಗಡ್ಡೆ, ಮೇಲೆ ಒಂದಿಷ್ಟು ಮೆಣಸಿನ ಪುಡಿ. ಒಂದನ್ನು ತಿಂದರೆ ಸಂಜೆವರೆಗೆ ಹಸಿವಾಗುವುದಿಲ್ಲ. ಕಾಫಿ ಮುಗಿದಂತೆಲ್ಲ ಕೇಳದೆಯೇ ತುಂಬಿಸುತ್ತಿದ್ದರು. ಇಬ್ಬರಿಗೂ ಸೇರಿ ಮೂವತ್ತು ಡಾಲರ್ ಆಗಲಿಲ್ಲ. ನಾಲ್ಕು ಪ್ಯಾಸ್ಟಿ ಕಟ್ಟಿಸಿಕೊಂಡು ದ್ವೀಪಕ್ಕೂ ಒಯ್ದೆವು. ಮೊದಲ ದಿನದ ಊಟಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಸ್ಟವ್ ಹಚ್ಚುವ ಕೆಲಸವೇ ಇಲ್ಲ.

ಪಕ್ಕದ ಮೇಜಿನಲ್ಲಿ ಕನ್ನಡ ಕೇಳಿಸಿತು. ಈ ಊರಲ್ಲಿ ಮಿಷಿಗನ್ ಟೆಕ್ ವಿಶ್ವವಿದ್ಯಾಲಯ ಇದೆ, ನಮ್ಮ ಕಡೆಯ ಹುಡುಗರು ತುಂಬಾ ಜನ ಓದುತ್ತಾರೆ. ಒಬ್ಬ ದಾವಣಗೆರೆಯವನು. ನಮ್ಮ ಕತೆ ಕೇಳಿ, "ಅಕ್ಕಾ, ಗಾಬರಿ ಆಗಬೇಡಿ, ಇಲ್ಲಿ ಇದು ಮಾಮೂಲು. ನೀರು ಸೋಸೋದು ತಂದಿದ್ದೀರಾ ಹೇಳಿ ಮೊದಲು," ಅಂದ.

ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ದ್ವೀಪದ ನೀರಿನಲ್ಲಿ ತೋಳಗಳಿಂದ ಬರುವ ಲಾಡಿಹುಳದ ಮೊಟ್ಟೆ ಇರಬಹುದು. ಕ್ಲೋರಿನ್ ಮಾತ್ರೆಗೆ ಅದು ಸಾಯುವುದಿಲ್ಲ, ಯುವಿ ಬೆಳಕಿನ ಪೆನ್ನಿಗೂ ಸಾಯುವುದಿಲ್ಲ. 0.4 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ರಂಧ್ರದ ಫಿಲ್ಟರ್ ಬೇಕು, ಇಲ್ಲವೇ ನೀರನ್ನು ಕುದಿಸಬೇಕು. ಬೇರೆ ಟ್ರೆಕ್‌ಗಳಲ್ಲಿ ಮಾತ್ರೆ ಹಾಕಿಕೊಂಡು ಅಭ್ಯಾಸ ಆದವರು ಇದನ್ನು ಹಗುರವಾಗಿ ತಗೊಳ್ಳಬೇಡಿ. ಬೇಸಿಗೆ ಕೊನೆಯಲ್ಲಿ ಒಳಗಿನ ಕೆಲವು ಕೆರೆಗಳಲ್ಲಿ ಪಾಚಿಯ ವಿಷವೂ ಕಾಣಿಸಿಕೊಂಡಿದೆ, ಅದಕ್ಕೆ ಫಿಲ್ಟರೂ ಸಾಲದು, ಕುದಿಸಿದರೂ ಹೋಗುವುದಿಲ್ಲ. ದೋಣಿ ಇಳಿದ ಕೂಡಲೇ ರೇಂಜರ್ ಎಲ್ಲರನ್ನೂ ನಿಲ್ಲಿಸಿ ಮಾತಾಡುತ್ತಾರೆ. ಯಾವ ಕೆರೆಯ ನೀರು ಬಿಡಬೇಕು ಅಂತ ಆಗಲೇ ಕೇಳಿಕೊಳ್ಳಿ.

ಮರುದಿನ ದೋಣಿ ಹೊರಟಿತು. ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮುಂಚೆಯೇ ನುಂಗಿ, ಹೊಟ್ಟೆ ತಿರುಗಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಇಲ್ಲ. ಹಿಂದಿನ ಭಾಗದಲ್ಲಿ, ಹೊರಗಿನ ಗಾಳಿ ಬರುವ ಕಡೆ ಕೂತುಕೊಳ್ಳಿ. ಅಲುಗಾಟ ಆಗದವರಿಗೆ ಹೋಟನ್‌ನಿಂದ ಹೊರಡುವ ರೇಂಜರ್ 3 ಅನ್ನುವ ಹಡಗು ವಾಸಿ. ಅದನ್ನು ಪಾರ್ಕಿನವರೇ ನಡೆಸುತ್ತಾರೆ. 165 ಅಡಿ ಉದ್ದ, ಆರು ಗಂಟೆ ತಗೊಳ್ಳುತ್ತದೆ, ಆದರೆ ಸ್ಥಿರವಾಗಿ ಹೋಗುತ್ತದೆ. ಸೀ ಪ್ಲೇನ್ ಕೂಡ ಇದೆ. ಅದರಲ್ಲಿ ಸ್ಟವ್ ಇಂಧನ ಬಿಡುವುದಿಲ್ಲ, ದ್ವೀಪದಲ್ಲಿ ದೋಣಿ ಇಳಿಯುವ ಜಾಗವಾದ ರಾಕ್ ಹಾರ್ಬರ್‌ನ ಅಂಗಡಿಯಲ್ಲಿ ಕೊಂಡುಕೊಳ್ಳಬೇಕು.

ಈಗ ಜನಸಂದಣಿಯ ವಿಷಯ. ವರ್ಷಕ್ಕೆ ಮೂವತ್ತು ಸಾವಿರ ಜನವೂ ಬರದ ಪಾರ್ಕ್ ಅಂತ ಓದಿ ನಾನು ಹೋಗಿದ್ದೆ. ಅದು ನಿಜ. ಆದರೆ ಬಂದವರು ಇಲ್ಲಿ ಹಲವು ದಿನ ಇರುತ್ತಾರೆ, ಆಗಸ್ಟ್‌ನಲ್ಲೇ ಜಾಸ್ತಿ ಬರುತ್ತಾರೆ, ದೋಣಿಯಿಂದ ಒಟ್ಟಿಗೇ ಇಳಿಯುತ್ತಾರೆ. ಇಳಿದವರೆಲ್ಲ ಒಂದೇ ದಾರಿಯಲ್ಲಿ ದಾಪುಗಾಲು ಹಾಕುತ್ತಾರೆ. ಯಾಕೆಂದರೆ ಕ್ಯಾಂಪ್ ಜಾಗಗಳಿಗೆ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಮುಂದೆ ಸೊಳ್ಳೆ ಜಾಲರಿ, ಮೂರು ಕಡೆ ಮರದ ಗೋಡೆ ಇರುವ ಶೆಲ್ಟರ್‌ಗಳಿಗೆ ಪೈಪೋಟಿ. 2.7 ಮೈಲಿ ದೂರದ ತ್ರೀ ಮೈಲ್, 7.1 ಮೈಲಿ ದೂರದ ಡೈಸಿ ಫಾರ್ಮ್ ಎರಡೂ ಮಧ್ಯಾಹ್ನಕ್ಕೇ ತುಂಬಿಹೋಗಿದ್ದವು. ಪಕ್ಕದವರ ಗೊರಕೆ ಕೇಳುತ್ತಾ ಮಲಗಲು ಇಷ್ಟು ದೂರ ಬರಬೇಕಾ? ನನಗಂತೂ ಬೇಡ.

ಆ ಮೈಲಿಗಳನ್ನೂ ನಂಬಬೇಡಿ. ದಡದ ದಾರಿ ಪೂರ್ತಿ ಓರೆ ಬಂಡೆ, ಬೇರು. ಮಳೆ ಬಿದ್ದರೆ ಜಾರುತ್ತದೆ. ಭಾರ ಹೊತ್ತು 2.7 ಮೈಲಿ ನಡೆಯಲು ನಮಗೆ ಎರಡು ಗಂಟೆ ಹಿಡಿಯಿತು. ನೆಲದ ರಚನೆ ಗೊತ್ತಿದ್ದರೆ ದಾರಿ ಆರಿಸುವುದು ಸುಲಭ. ನೂರು ಕೋಟಿ ವರ್ಷಕ್ಕೂ ಹಿಂದೆ ಹರಿದ ಲಾವಾ ಪದರಗಳು ಸರೋವರದ ಅಡಿಯಲ್ಲಿ ಬಾಗಿ, ಈ ಕಡೆ ಕೀವಿನಾದಲ್ಲಿ, ಆ ಕಡೆ ದ್ವೀಪದಲ್ಲಿ ಮೇಲೆದ್ದಿವೆ. ಹಾಗಾಗಿ ದ್ವೀಪದ ಗುಡ್ಡಗಳೆಲ್ಲ ಸಾಲಾಗಿ ಒಂದೇ ದಿಕ್ಕಿಗೆ ಮಲಗಿವೆ. ಸಾಲಿನ ಉದ್ದಕ್ಕೆ ನಡೆದರೆ ಸಲೀಸು, ಅಡ್ಡಕ್ಕೆ ನಡೆದರೆ ಹತ್ತುವುದು ಇಳಿಯುವುದೇ ಕೆಲಸ. ನಡುಬೆನ್ನಿನ ಗ್ರೀನ್‌ಸ್ಟೋನ್ ರಿಡ್ಜ್ ದಾರಿ ಸುಮಾರು 40 ಮೈಲಿ, ಹೊಸಬರಿಗೂ ಆಗುತ್ತದೆ. ಉತ್ತರದ ಮಿನಾಂಗ್ ರಿಡ್ಜ್ ದಾರಿಗೆ ಗಟ್ಟಿ ಮೊಣಕಾಲು ಬೇಕು.

ಜನ ಬೇಡ ಅನ್ನುವವರಿಗೆ ನನ್ನ ಸಲಹೆ ಲೇನ್ ಕೋವ್. ರಾಕ್ ಹಾರ್ಬರ್‌ನಿಂದ ಸುಮಾರು ಏಳು ಮೈಲಿ. ಮೌಂಟ್ ಫ್ರಾಂಕ್ಲಿನ್ ಹತ್ತಿರ ಗುಡ್ಡದ ಸಾಲು ದಾಟಿ ಉತ್ತರಕ್ಕೆ ಕಡಿದಾಗಿ ಇಳಿಯಬೇಕು. ಶೆಲ್ಟರ್ ಇಲ್ಲ, ಟೆಂಟಿಗೆ ಬೆರಳೆಣಿಕೆಯ ಜಾಗಗಳು ಮಾತ್ರ, ಅದಕ್ಕೇ ಹೆಚ್ಚು ಜನ ಈ ಕಡೆ ಬರುವುದಿಲ್ಲ. ಮೇಲಿನಿಂದ ಕೆನಡಾದ ದಡ ಕಾಣಿಸಿತು. ದ್ವೀಪ ಮಿಷಿಗನ್‌ಗೆ ಸೇರಿದ್ದರೂ ಕೆನಡಾ, ಮಿನ್ನೆಸೋಟಾ ದಡಗಳೇ ಇದಕ್ಕೆ ಹತ್ತಿರ. ಸಂಜೆ ಮೂಸ್ ಅನ್ನುವ ಭಾರೀ ಗಾತ್ರದ ಜಿಂಕೆಯೊಂದು ಮರಿಯ ಜೊತೆ ನೀರಿಗಿಳಿದು ಮೇಯುತ್ತಿತ್ತು. ತಾಯಿ ಮೂಸ್ ಕಂಡರೆ ಫೋಟೋಗೆ ಅಂತ ಹತ್ತಿರ ಹೋಗಬೇಡಿ, ಅಟ್ಟಿಸಿಕೊಂಡು ಬರುತ್ತದೆ. ಕರಡಿ ಈ ದ್ವೀಪದಲ್ಲಿ ಇಲ್ಲ. ತೋಳಗಳಿವೆ. ಇಲ್ಲಿನ ತೋಳ ಮತ್ತು ಮೂಸ್‌ಗಳ ಮೇಲೆ 1958ರಿಂದ ಅಧ್ಯಯನ ನಡೆಯುತ್ತಿದೆ. 2018ರ ಹೊತ್ತಿಗೆ ಎರಡೇ ತೋಳ ಉಳಿದಿದ್ದವು, ಆಮೇಲೆ ಹೊರಗಿನಿಂದ 19 ತಂದು ಬಿಟ್ಟರು. ನಮಗೆ ಕಾಣಲಿಲ್ಲ, ಹೆಜ್ಜೆ ಗುರುತು ಮಾತ್ರ ಕೆಸರಿನಲ್ಲಿ ಸಿಕ್ಕಿತು. ನರಿಗಳು ಊಟ ಕದಿಯುತ್ತವೆ, ಬೂಟನ್ನೂ ಎಳೆದುಕೊಂಡು ಹೋಗುತ್ತವೆ. ಊಟದ ಸಾಮಾನು ಹೇಗೆ ಇಡಬೇಕು ಅನ್ನುವುದಕ್ಕೆ ನಿಯಮ ಇದೆ, ಹೊರಡುವ ಮುಂಚೆ ಓದಿಕೊಳ್ಳಿ.

ಊಟಕ್ಕೆ ನಾವು ಒಯ್ದಿದ್ದು ಗೊಜ್ಜವಲಕ್ಕಿ ಪುಡಿ, ತೆಳು ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ, ಕೋಡುಬಳೆ. ಬಿಸಿ ನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಊಟ ತಯಾರು. ಅಂಗಡಿಯಲ್ಲಿ ಸಿಗುವ ಟ್ರೆಕಿಂಗ್ ಊಟದ ಪೊಟ್ಟಣಗಳಿಗೆ ಒಂದೊಂದಕ್ಕೂ ಹತ್ತು ಹನ್ನೆರಡು ಡಾಲರ್ ಕೊಡುವ ಅಗತ್ಯವೇ ಇಲ್ಲ. ಖಾಲಿ ಪೊಟ್ಟಣ, ಕಸ ಎಲ್ಲ ವಾಪಸ್ ತರಬೇಕು.

ಗುಡ್ಡ ಹತ್ತಲು ಆಗದ ಹಿರಿಯರು ಜೊತೆಗಿದ್ದರೆ ರಾಕ್ ಹಾರ್ಬರ್‌ನಿಂದ ಸ್ಕೋವಿಲ್ ಪಾಯಿಂಟ್‌ಗೆ ಹೋಗಿ ಬನ್ನಿ. ಸುತ್ತು ನಾಲ್ಕು ಮೈಲಿ ಚಿಲ್ಲರೆ, ಎರಡೂ ಕಡೆ ನೀರು, ಅರ್ಧಕ್ಕೇ ತಿರುಗಿ ಬಂದರೂ ನಷ್ಟ ಇಲ್ಲ. ಅಥವಾ ಅವರಿಗೆ ದ್ವೀಪವೇ ಬೇಡ, ಕೀವಿನಾ ಸಾಕು. ಎಸ್ಟಿವಾಂಟ್ ಪೈನ್ಸ್ ಕಾಡಿನಲ್ಲಿ ಕೊಡಲಿ ತಾಗದ ಬಿಳಿ ಪೈನ್ ಮರಗಳಿವೆ. 1970ರ ದಶಕದಲ್ಲಿ ಕಡಿಯಲು ಹೊರಟಾಗ ಜನರಿಂದ ದುಡ್ಡು ಸೇರಿಸಿ ಉಳಿಸಿಕೊಂಡ ಕಾಡು. ಕತ್ತೆತ್ತಿ ನೋಡಿದರೂ ತುದಿ ಕಾಣುವುದಿಲ್ಲ, ಅಲ್ಲಿ ಒಂದು ಅರ್ಧ ದಿನ ಇಡಿ. ಹಾರ್ಸ್‌ಶೂ ಹಾರ್ಬರ್‌ನ ಕೆಂಪು ಬಂಡೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಅನ್ನುವ ಆದಿಕಾಲದ ಸೂಕ್ಷ್ಮಜೀವಿಗಳ ಪದರ ಕಾಣುತ್ತದೆ, ಅದರ ಮೇಲೆ ಕಾಲಿಡಬೇಡಿ. ಅಲ್ಲಿಗೆ ಹೋಗುವ ಮಣ್ಣು ರಸ್ತೆ ಕೆಟ್ಟದಾಗಿದೆ. ಮಯಾಮಿಯಿಂದ ಬರುವ 41ನೇ ಹೆದ್ದಾರಿ ಕಾಪರ್ ಹಾರ್ಬರ್ ಆಚೆ ಮುಗಿದ ಮೇಲೆ ಡಾಂಬರೇ ಇಲ್ಲ. ಬಾಡಿಗೆ ಕಾರಿನವರು ಅಲ್ಲೇ ಬದಿಗೆ ನಿಲ್ಲಿಸಿ ನಡೆಯಿರಿ. ಇನ್ನೂ ಮುಂದಿನ ಹೈ ರಾಕ್ ಬೇಗೆ ಸಣ್ಣ ಕಾರು ಬೇಡವೇ ಬೇಡ. ಬ್ರಾಕ್‌ವೇ ಮೌಂಟನ್‌ಗೆ ಮಾತ್ರ ಕಾರಿನಲ್ಲೇ ತುದಿವರೆಗೆ ಹೋಗಬಹುದು, ಸಂಜೆ ಜನಜಂಗುಳಿ, ಬೆಳಿಗ್ಗೆ ಹೋಗಿ.

ಜೂನ್‌ನಲ್ಲಿ ಕಚ್ಚುವ ಕಪ್ಪು ನೊಣ, ಜುಲೈವರೆಗೆ ಸೊಳ್ಳೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ, ಗಾಳಿ ಏಳುವುದೂ ಆಗಲೇ ಜಾಸ್ತಿಯಾಗುತ್ತದೆ ಅನ್ನುವುದು ನೆನಪಿರಲಿ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಪಾರ್ಕ್ ಮುಚ್ಚಿರುತ್ತದೆ. ದೋಣಿ ಟಿಕೆಟ್ಟನ್ನು ಚಳಿಗಾಲದಲ್ಲೇ ತೆಗೆದುಕೊಳ್ಳಿ. ವಾಪಸ್ ಬರುವಾಗ ಈಗಲ್ ಹಾರ್ಬರ್ ಕಡೆಯ ದಾರಿ ಹಿಡಿದರೆ ಜೇಕಬ್ಸ್ ಜಲಪಾತದ ಪಕ್ಕ ಸನ್ಯಾಸಿಗಳು ನಡೆಸುವ ಜಾಂಪಾಟ್ ಅಂಗಡಿ ಸಿಗುತ್ತದೆ. ಅಲ್ಲಿನ ತಿಂಬಲ್‌ಬೆರಿ ಜಾಮ್ ದುಬಾರಿ. ಆ ಹಣ್ಣನ್ನು ಕಾಡಿನಲ್ಲಿ ಒಂದೊಂದಾಗಿ ಕೈಯಲ್ಲೇ ಕೀಳಬೇಕು, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಭಾನುವಾರ ಅಂಗಡಿ ತೆಗೆಯುವುದಿಲ್ಲ, ಶನಿವಾರವೇ ಹೋಗಿಬಿಡಿ.